ನಮ್ಮೂರೂ ದ್ವೀಪವೇ ಕಣ್ರೀ

"ಹೌದಾ? ಶ್ರೀರಂಗಪಟ್ಟಣ ದ್ವೀಪಾನಾ?"

ಕೇಳಿದವನು ಅಚ್ಚ ಕನ್ನಡಿಗ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದವನು, ಹೆಂಡತಿಯ ತವರು ಮೈಸೂರು. ಮದುವೆಯಾದ ಮೇಲೆ ಆ ದಾರಿಯಲ್ಲಿ ಎಷ್ಟು ಸಲ ಓಡಾಡಿದ್ದಾನೋ ಲೆಕ್ಕವೇ ಇಲ್ಲ. ಹೋಗುವಾಗಲೂ ಬರುವಾಗಲೂ ಕಾವೇರಿಯನ್ನು ಎರಡೆರಡು ಸಲ ದಾಟಿದ್ದಾನೆ. ಒಂದೇ ಹೊಳೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಯಾಕೆ ಅಡ್ಡ ಬಂತು ಅಂತ ಒಂದು ದಿನವೂ ಅವನಿಗೆ ಅನ್ನಿಸಿಲ್ಲ.

ಈ ಮಾತು ನಡೆದದ್ದು ಸಿಸಿಲಿಯಲ್ಲಿ, ಒರ್ತೀಜ ಅನ್ನುವ ಪುಟ್ಟ ದ್ವೀಪಕ್ಕೆ ಹೋಗುವ ಸೇತುವೆಯ ಮೇಲೆ. ಸಿರಾಕ್ಯೂಸ್ ನಗರದ ಹಳೇ ಊರು ಅದು. ಸ್ಟುಟ್‌ಗಾರ್ಟ್‌ನಲ್ಲಿರುವ ನಾವೊಂದಿಷ್ಟು ಕನ್ನಡದ ಕುಟುಂಬಗಳು ಈಸ್ಟರ್ ರಜೆಗೆ ಒಟ್ಟಿಗೆ ಹೊರಟಿದ್ದೆವು. ಕತಾನಿಯಾದಲ್ಲಿ ವಿಮಾನ ಇಳಿದು, ವ್ಯಾನ್ ಬಾಡಿಗೆಗೆ ತೆಗೆದುಕೊಂಡು, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಮಕ್ಕಳು, ಒಬ್ಬರ ಅಮ್ಮ, ಎಲ್ಲ ಸೇರಿ ಬಂದಿದ್ದೆವು. ಸೇತುವೆಯ ಮೇಲೆ ನಿಂತಾಗ ಎರಡೂ ಕಡೆ ನೀರು, ಎದುರಿಗೆ ಹಳದಿ ಕಲ್ಲಿನ ಊರು. ನನಗೆ ತಕ್ಷಣ ಮನೆ ನೆನಪಾಯಿತು. "ನಮ್ಮೂರೂ ಹೀಗೇ, ಸುತ್ತ ನೀರು, ನಡುವೆ ಕೋಟೆ" ಅಂದೆ. ಅದಕ್ಕೆ ಅವನು ಕೇಳಿದ ಪ್ರಶ್ನೆ ಅದು.

ನಾನು ಹುಟ್ಟಿದ್ದು ಶ್ರೀರಂಗಪಟ್ಟಣದ ಕೋಟೆಯ ಒಳಗೆ. ಆ ಮಾತು ಚುಚ್ಚಿತು. ಅವನ ಮೇಲೆ ಸಿಟ್ಟು ಬರಲಿಲ್ಲ, ಅವನು ಒಳ್ಳೆಯ ಹುಡುಗ. ನಮ್ಮೂರನ್ನು ನೋಡುವ ಹಾಗೆ ಯಾರೂ ಅವನಿಗೆ ತೋರಿಸಿಯೇ ಇಲ್ಲವಲ್ಲ ಅನ್ನುವ ಸಂಕಟ. ಆಮೇಲೆ ಒರ್ತೀಜದಲ್ಲಿ ಸುತ್ತಿದಷ್ಟು ಹೊತ್ತೂ ನನ್ನ ತಲೆಯಲ್ಲಿ ಇದೊಂದೇ. ಇವರು ಇದೇ ದ್ವೀಪವನ್ನು, ಇದೇ ಹಳೇ ಕಲ್ಲನ್ನು ಇಟ್ಟುಕೊಂಡು ಏನು ಮಾಡಿದ್ದಾರೆ, ನಾವು ಏನು ಮಾಡಿದ್ದೇವೆ?

ಒರ್ತೀಜ ದೊಡ್ಡ ಊರೇನಲ್ಲ. ಸೇತುವೆಯಿಂದ ಆ ತುದಿಯ ಕೋಟೆಯವರೆಗೆ ಒಂದು ಕಿಲೋಮೀಟರ್ ಚಿಲ್ಲರೆ ಇರಬಹುದು. ನಮ್ಮ ದ್ವೀಪ ಇದರ ಮೂರು ನಾಲ್ಕು ಪಟ್ಟು ಉದ್ದ. ಆದರೆ ಇಲ್ಲಿಗೆ ಬಂದವರು ಮೊದಲು ಗಾಡಿಯಿಂದ ಇಳಿಯಬೇಕು. ಗೊತ್ತು ಮಾಡಿದ ಹೊತ್ತಿನಲ್ಲಿ ಊರಿನವರ ಗಾಡಿ ಬಿಟ್ಟು ಬೇರೆಯವರದು ಒಳಗೆ ಹೋಗುವಂತಿಲ್ಲ. ಕ್ಯಾಮೆರಾ ಇಟ್ಟಿದ್ದಾರೆ, ತಪ್ಪಿ ನುಗ್ಗಿದರೆ ದಂಡದ ಕಾಗದ ಮನೆಗೇ ಬರುತ್ತದೆ. ನಾವೂ ವ್ಯಾನ್‌ಗಳನ್ನು ಸೇತುವೆಯ ಈಚೆಗೇ ಬಿಟ್ಟೆವು. ಗುಂಪಿನಲ್ಲಿ ಗೊಣಗಾಟ ಶುರುವಾಯಿತು. ಅಮ್ಮನವರಿಗೆ ಮಂಡಿ ನೋವು, ಚಿಕ್ಕ ಮಗುವಿಗೆ ತಳ್ಳುಗಾಡಿ, ಬಿಸಿಲು ಬೇರೆ. ಸೇತುವೆ ದಾಟಿ ಸ್ವಲ್ಪ ದೂರ ನಡೆದಿದ್ದೇವೆ, ರಸ್ತೆಯ ಮಟ್ಟಕ್ಕಿಂತ ಕೆಳಗೆ ಮುರಿದ ಕಂಬಗಳ ಸಾಲು ಕಾಣಿಸಿತು. ಅಪೊಲೊ ದೇವಾಲಯ. ಕ್ರಿಸ್ತಪೂರ್ವ 6ನೇ ಶತಮಾನದ್ದು. ಆಮೇಲೆ ಅದು ಚರ್ಚ್ ಆಗಿತ್ತು, ಮಸೀದಿ ಆಗಿತ್ತು, ಮತ್ತೆ ಚರ್ಚ್, ಕೊನೆಗೆ ಸ್ಪೇನಿನವರ ಕಾಲದಲ್ಲಿ ಸೈನಿಕರ ಬಿಡಾರ. ಅದರ ಪಕ್ಕದಲ್ಲೇ ಸಂತೆ. ಟೊಮ್ಯಾಟೊ, ಬದನೆಕಾಯಿ, ನಿಂಬೆಹಣ್ಣು, ಮೀನು. ಮೀನಿನವನು ಕೂಗುತ್ತಿದ್ದದ್ದು ನಮ್ಮೂರ ಸಂತೆಯಲ್ಲಿ ಕೂಗುವ ರಾಗದಲ್ಲೇ ಇತ್ತು. ಗೊಣಗಾಟ ಅಲ್ಲಿಗೆ ನಿಂತಿತು. ಹೆಂಗಸರು ಒಣಗಿಸಿದ ಟೊಮ್ಯಾಟೊ ಚೌಕಾಸಿಗೆ ಇಳಿದರು. ಅಮ್ಮನವರು ಕಲ್ಲುಕಟ್ಟೆಯ ಮೇಲೆ ಕೂತು ಮಂಡಿ ನೀವಿಕೊಂಡರು. ಯಾರೂ ಏಳಿಸಲಿಲ್ಲ.

ನಾನು ಹೇಳಬೇಕೆಂದಿರುವುದು ಇಷ್ಟೇ. ಒರ್ತೀಜದಲ್ಲಿ ನೋಡುವುದು ಊರನ್ನು. ಶ್ರೀರಂಗಪಟ್ಟಣದಲ್ಲಿ ನೋಡುವುದು ಪಾಯಿಂಟುಗಳನ್ನು.

ಮೈಸೂರಿನಿಂದ ಹೊರಡುವ ಟ್ಯಾಕ್ಸಿಯವರ ಲೆಕ್ಕ ಎಲ್ಲರಿಗೂ ಗೊತ್ತು. ರಂಗನಾಥಸ್ವಾಮಿ ಒಂದು ಪಾಯಿಂಟ್, ದರಿಯಾ ದೌಲತ್ ಒಂದು, ಗುಂಬಜ್ ಒಂದು, ಸಂಗಮ ಒಂದು, ಟೈಮ್ ಇದ್ದರೆ ನಿಮಿಷಾಂಬ. ಒಂದೊಂದಕ್ಕೂ ಬಾಗಿಲವರೆಗೆ ಗಾಡಿ ಹೋಗುತ್ತದೆ. ಇಳಿ, ಫೋಟೊ ಹೊಡಿ, ಹತ್ತು. ಸಂಜೆಗೆ ಬೃಂದಾವನ ತಲುಪಬೇಕಲ್ಲ! ಇವುಗಳ ನಡುವೆ ಒಂದು ಊರಿದೆ, ಅಲ್ಲಿ ಜನ ಇದ್ದಾರೆ, ಆ ಜನರ ಮನೆಯ ಹಿಂದೆ ಎರಡು ಸುತ್ತಿನ ಕೋಟೆಗೋಡೆ ಇದೆ, ಗೋಡೆಯಾಚೆ ಹೊಳೆ ಹರಿಯುತ್ತದೆ ಅನ್ನುವುದು ಗಾಡಿಯ ಕಿಟಕಿಯಲ್ಲಿ ಸರ್ರನೆ ಹೋಗಿಬಿಡುತ್ತದೆ. ನಾನು ಸಣ್ಣವನಿದ್ದಾಗ ಡಿಸೆಂಬರ್ ಬಂತೆಂದರೆ ಶಾಲಾ ಪ್ರವಾಸದ ಬಸ್ಸುಗಳ ಸಾಲು. ಹಾವೇರಿ, ಗದಗ, ಕೊಪ್ಪಳ, ಎಲ್ಲೆಲ್ಲಿಂದಲೋ ರಾತ್ರಿಯಿಡೀ ನಿದ್ದೆಗೆಟ್ಟು ಬಂದ ಮಕ್ಕಳು. ಮೇಷ್ಟ್ರು "ಲಗೂ ಲಗೂ" ಅನ್ನುತ್ತಿದ್ದರು. ಟಿಪ್ಪು ಸತ್ತ ಜಾಗದ ಕಲ್ಲಿನ ಹತ್ತಿರ ಸಾಲಾಗಿ ಬಂದು, ನಿಂತ ಹಾಗೆ ಮಾಡಿ, ಸಾಲಾಗಿ ಹೋಗುತ್ತಿದ್ದರು. ಆ ಮಕ್ಕಳಿಗೆ ಒಂದು ಅರ್ಧ ಗಂಟೆ ಕೋಟೆಗೋಡೆಯ ಮೇಲೆ ಕೂತು ಹೊಳೆ ನೋಡಲು ಬಿಟ್ಟಿದ್ದರೆ, ಆ ಬೇಸಿಗೆಯಲ್ಲಿ ಇಂಗ್ಲಿಷರ ಸೈನ್ಯ ಹೊಳೆಯನ್ನು ಹೇಗೆ ದಾಟಿತು ಅನ್ನುವುದು ಪುಸ್ತಕ ಇಲ್ಲದೆಯೇ ತಿಳಿಯುತ್ತಿತ್ತು. ಬೇಸಿಗೆಯಲ್ಲಿ ಕಾವೇರಿಯಲ್ಲಿ ಬಂಡೆಗಳೇ ಜಾಸ್ತಿ, ನೀರು ಕಮ್ಮಿ. 1799ರ ಮೇ 4ರ ಮಧ್ಯಾಹ್ನ ಅವರು ದಾಟಿದ್ದು ಅಂಥ ಹೊಳೆಯನ್ನು.

ಒರ್ತೀಜದ ನಡುಮಧ್ಯದಲ್ಲಿ ದೊಡ್ಡ ಚರ್ಚ್ ಇದೆ. ದುವೋಮೊ ಅನ್ನುತ್ತಾರೆ. ಮುಂಭಾಗ 18ನೇ ಶತಮಾನದ್ದು, ಬಿಳಿ ಕಲ್ಲಿನ ಭಾರೀ ಅಲಂಕಾರ. ಎಲ್ಲರೂ ಮುಂದೆ ನಿಂತು ಫೋಟೊ ತೆಗೆದುಕೊಂಡೆವು. ಆಮೇಲೆ ಪಕ್ಕದ ಓಣಿಗೆ ತಿರುಗಿದರೆ ಗೋಡೆಯೊಳಗೆ ಕಂಬಗಳು! ಕ್ರಿಸ್ತಪೂರ್ವ 480ರ ಗೆಲುವಿನ ಮೇಲೆ ಅಲ್ಲಿನ ದೊರೆ ಗೆಲೋನ್ ಕಟ್ಟಿಸಿದ ಅಥೀನಾ ದೇವಿಯ ಗುಡಿಯ ಕಂಬಗಳವು. ಸುಮಾರು 7ನೇ ಶತಮಾನದಲ್ಲಿ ಆ ಗುಡಿಯನ್ನು ಚರ್ಚ್ ಮಾಡಿದಾಗ ಕಂಬ ಕೀಳಲಿಲ್ಲ. ಕಂಬ ಕಂಬದ ನಡುವೆ ಗೋಡೆ ಎಬ್ಬಿಸಿದರು. ಒಳಗಿನ ಗರ್ಭಗುಡಿಯ ಗೋಡೆಯನ್ನು ಅಲ್ಲಲ್ಲಿ ಕೊರೆದು ಕಮಾನು ಮಾಡಿದರು. ಅಷ್ಟೇ. ಒಳಗೆ ಹೋದರೆ ಅದೇ ಕಂಬಗಳು ಪಕ್ಕದಲ್ಲಿ ನಿಂತಿವೆ, ಉದ್ದಕ್ಕೂ ಗೀರು ಕೊರೆದ ದಪ್ಪ ಕಂಬಗಳು. ಒಬ್ಬರು ತಬ್ಬಿದರೆ ಕೈಗೆ ಕೈ ಸಿಗುವುದಿಲ್ಲ. ಕೈ ತಾಗುವ ಎತ್ತರದಲ್ಲಿ ಕಲ್ಲಿನ ಅಂಚು ಸವೆದು ನುಣ್ಣಗಾಗಿದೆ, ಮೇಲೆ ಇನ್ನೂ ಚೂಪಾಗಿದೆ.

ಅಮ್ಮನವರು ಆ ಕಂಬದ ಹತ್ತಿರ ನಿಂತು ಎರಡೂ ಅಂಗೈ ಊರಿದರು. ಹಾಸನದ ಕಡೆಯವರು, ಬೇಲೂರು ಹಳೇಬೀಡು ನೋಡಿ ಬೆಳೆದವರು. "ಇದು ಗುಡೀನೇ ಕಣಪ್ಪ" ಅಂದರು. "ಚರ್ಚು ಅಮ್ಮ" ಅಂದ ಮಗ. "ನಂಗೊತ್ತಿಲ್ವೇನೋ? ಈಗ ಚರ್ಚು. ಕಂಬ ಗುಡೀದು" ಅಂದರು. ಎರಡೂವರೆ ಸಾವಿರ ವರ್ಷದಿಂದ ಅಲ್ಲಿ ಯಾರೋ ಒಬ್ಬರು ಏನನ್ನೋ ಬೇಡಿಕೊಳ್ಳುತ್ತಲೇ ಇದ್ದಾರೆ. ಹಳೆಯದರ ಮೇಲೆ ಹೊಸದು ಬಂದಿದೆ, ಅದು ಸುಮ್ನೆ ಬಂದದ್ದೂ ಅಲ್ಲ, ಜಗಳ ರಕ್ತ ಎಲ್ಲ ಆಗಿಯೇ ಬಂದದ್ದು. ಆದರೂ ಕಲ್ಲು ಯಾವುದು ಯಾರ ಕಾಲದ್ದು ಅಂತ ಮುಚ್ಚಿಟ್ಟಿಲ್ಲ. ಇಂದಿನ ಸಿಸಿಲಿಯವರು ಅದನ್ನೆಲ್ಲ ಒಂದೇ ಊರಿನ ಕಥೆಯಾಗಿ ಹೇಳುತ್ತಾರೆ. ನಮ್ಮೂರಿನ ಕಥೆ ಹಾಗಲ್ಲ. ಒಬ್ಬ ಗೈಡ್ ರಂಗನಾಥನ ಕಥೆ ಮಾತ್ರ ಹೇಳುತ್ತಾನೆ, ಇನ್ನೊಬ್ಬ ಟಿಪ್ಪುವಿನ ಕಥೆ ಮಾತ್ರ. 9ನೇ ಶತಮಾನದ ಗಂಗರ ಕಾಲದ ದೇವಸ್ಥಾನ, ವಿಜಯನಗರದ ಕೋಟೆ, 1610ರಲ್ಲಿ ರಾಜ ಒಡೆಯರು ಶುರು ಮಾಡಿದ ದಸರಾ, ಹೈದರ್ ಟಿಪ್ಪುಗಳ ಕಾಲದ ಮಸೀದಿ, ಮದ್ದಿನಮನೆಗಳು, ಆಮೇಲೆ ಇಂಗ್ಲಿಷರ ಸಮಾಧಿಗಳು. ಎಲ್ಲ ಇರುವುದು ಒಂದೇ ದ್ವೀಪದಲ್ಲಿ, ನಡೆದು ಹೋಗುವಷ್ಟು ಹತ್ತಿರದಲ್ಲಿ. ಇವನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳುವ ಗೈಡ್ ನನಗೆ ಇನ್ನೂ ಸಿಕ್ಕಿಲ್ಲ.

ದುವೋಮೊದಿಂದ ಸಮುದ್ರದ ಕಡೆ ಇಳಿದರೆ ಅರೆತೂಸಾ ಚಿಲುಮೆ. ಉಪ್ಪುನೀರಿನ ಅಂಚಿನಲ್ಲೇ ಉಕ್ಕುವ ಸಿಹಿನೀರು. ಗುಂಡಗೆ ಕಟ್ಟೆ ಕಟ್ಟಿದ್ದಾರೆ, ಒಳಗೆ ಪಪೈರಸ್ ಜೊಂಡು, ಬಾತುಕೋಳಿಗಳು. ಮಕ್ಕಳು ಬಾತುಕೋಳಿ ನೋಡುತ್ತಿದ್ದರೆ ನಾನು ದೊಡ್ಡವರಿಗೆ ಒಂದು ಕಥೆ ಹೇಳಿದೆ. ಶ್ರೀರಂಗಪಟ್ಟಣದವನು ಅಲ್ಲಿ ನಿಂತು ಹೇಳದೆ ಇರಲಾಗದ ಕಥೆ ಅದು.

1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ದಂಡೆತ್ತಿ ಹೋದ. ಅಲ್ಲಿಂದ ಮುಂದೆ ಇಂಡಿಯಾದ ಇಂಗ್ಲಿಷರಿಗೆ ಕಾಟ ಕೊಡುವುದೂ ಅವನ ಲೆಕ್ಕದಲ್ಲಿತ್ತು. ಇತ್ತ ಟಿಪ್ಪು ಫ್ರೆಂಚರ ಸಹಾಯಕ್ಕೆ ಕಾದಿದ್ದ. ನೆಪೋಲಿಯನ್ನನ ಹಡಗುಗಳನ್ನು ಮೆಡಿಟರೇನಿಯನ್ ತುಂಬ ಹುಡುಕಿ ಸುಸ್ತಾದ ಇಂಗ್ಲಿಷ್ ನೌಕಾಪಡೆ, ನೆಲ್ಸನ್ನನ ಪಡೆ, ಜುಲೈ ತಿಂಗಳಲ್ಲಿ ನೀರು, ಆಹಾರ ತುಂಬಿಕೊಳ್ಳಲು ಬಂದದ್ದು ಇದೇ ಸಿರಾಕ್ಯೂಸ್ ಬಂದರಿಗೆ. ಇಲ್ಲಿಂದ ಹೊರಟು ಆಗಸ್ಟ್ 1ರಂದು ಈಜಿಪ್ಟಿನ ಅಬುಕಿರ್ ಕೊಲ್ಲಿಯಲ್ಲಿ ಫ್ರೆಂಚರ ಹಡಗುಗಳಲ್ಲಿ ಹೆಚ್ಚಿನವನ್ನು ಹಿಡಿದರು, ಕೆಲವನ್ನು ನಾಶ ಮಾಡಿದರು. ನೆಪೋಲಿಯನ್ ಈಜಿಪ್ಟಿನಲ್ಲೇ ಸಿಕ್ಕಿಬಿದ್ದ. 1799ರ ಜನವರಿಯಲ್ಲಿ ಅವನು ಟಿಪ್ಪುವಿಗೆ ಕಾಗದ ಬರೆದ. ಅದೂ ಇಂಗ್ಲಿಷರ ಕೈಗೆ ಸಿಕ್ಕಿತು. ಮೇ ತಿಂಗಳಲ್ಲಿ ನಮ್ಮ ಕೋಟೆ ಬಿತ್ತು.

ಹಡಗುಗಳು ಸಿರಾಕ್ಯೂಸಿನಲ್ಲಿ ನೀರು ತುಂಬಿಕೊಳ್ಳದಿದ್ದರೆ ಟಿಪ್ಪು ಉಳಿಯುತ್ತಿದ್ದ ಅಂತ ನಾನು ಹೇಳುವುದಿಲ್ಲ. ಯುದ್ಧದ ಲೆಕ್ಕ ಅಷ್ಟು ಸಲೀಸಲ್ಲ. ಆದರೆ ಈ ಎರಡು ದ್ವೀಪಗಳ ನಡುವೆ ಇಂಥದೊಂದು ನಂಟಿದೆ. "ಇದನ್ನ ನಮಗೆ ಸ್ಕೂಲಲ್ಲಿ ಯಾರೂ ಹೇಳಲೇ ಇಲ್ವಲ್ರೀ" ಅಂದರು ಗುಂಪಿನ ಒಬ್ಬ ಅಕ್ಕ, ಸ್ವತಃ ಮೇಷ್ಟ್ರ ಮಗಳು.

ಇನ್ನೂ ಒಂದು ಹೋಲಿಕೆ ಇದೆ. ಸಿರಾಕ್ಯೂಸ್ ಅಂದರೆ ಆರ್ಕಿಮಿಡೀಸನ ಊರು. ಕ್ರಿಸ್ತಪೂರ್ವ 213ರಲ್ಲಿ ರೋಮಿನವರು ಮುತ್ತಿಗೆ ಹಾಕಿದಾಗ ಅವನು ಮಾಡಿಕೊಟ್ಟ ಯಂತ್ರಗಳಿಗೆ ಹೆದರಿ ಅವರ ಹಡಗುಗಳು ಗೋಡೆಯ ಹತ್ತಿರ ಸುಳಿಯಲಿಲ್ಲ. ಕೊನೆಗೆ ಹಬ್ಬದ ರಾತ್ರಿ ಊರು ಕುಡಿದು ಮೈಮರೆತಿದ್ದಾಗ ಗೋಡೆ ಹತ್ತಿದರು. ಒರ್ತೀಜ ಬಿದ್ದದ್ದು ಆಮೇಲೆ, ಒಳಗಿನವನೇ ಒಬ್ಬ ಬಾಗಿಲು ತೆಗೆದುಕೊಟ್ಟದ್ದರಿಂದ. 212ರಲ್ಲಿ ಆರ್ಕಿಮಿಡೀಸ್ ಒಬ್ಬ ಸಿಪಾಯಿಯ ಕೈಯಲ್ಲಿ ಸತ್ತ. ಕೋಟೆ, ಹೊಸ ಬಗೆಯ ಆಯುಧ, ಒಳಗಿನವರ ದ್ರೋಹ. ನಮ್ಮೂರವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೀರ್ ಸಾದಿಕ್‌ನ ಹೆಸರು ಇವತ್ತಿಗೂ ನಮ್ಮಲ್ಲಿ ಬೈಗುಳ. ನಮ್ಮ ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಕಂಡು ಇಂಗ್ಲಿಷರು ಬೆರಗಾದರು, ಸಿಕ್ಕವನ್ನು ತಮ್ಮ ದೇಶಕ್ಕೆ ಕೊಂಡೊಯ್ದರು, ಕಾಂಗ್ರೀವ್ ಅನ್ನುವವನು ಅವುಗಳ ಜಾಡು ಹಿಡಿದೇ ತಮ್ಮ ಸೈನ್ಯಕ್ಕೆ ರಾಕೆಟ್ ಮಾಡಿಕೊಟ್ಟ.

ಒರ್ತೀಜದಲ್ಲಿ ಆರ್ಕಿಮಿಡೀಸನ ಹೆಸರಿನ ಚೌಕವಿದೆ. ನಮ್ಮ ಜೊತೆಗಿದ್ದ ಹುಡುಗಿಯೊಬ್ಬಳು ಶಾಲೆಯಲ್ಲಿ ಆಗಷ್ಟೇ ಅವನ ತೇಲುವಿಕೆಯ ನಿಯಮ ಕಲಿತಿದ್ದಳು. ಚೌಕದ ಹೆಸರು ಓದಿ ಓಡಿ ಬಂದು "ಅಂಕಲ್, ಅದೇ ಆರ್ಕಿಮಿಡೀಸಾ? ಇದೇ ಊರಾ?" ಎಂದು ಕೇಳಿದಳು. ಅವಳ ಮುಖ ನೋಡಬೇಕಿತ್ತು. ಪುಸ್ತಕದ ಮನುಷ್ಯನಿಗೆ ಒಂದು ಊರು ಸಿಕ್ಕಿತು. ನಮ್ಮೂರಿಗೆ ಬರುವ ಮಕ್ಕಳಿಗೂ ಅದು ಸಿಗಬೇಕು. ಬಾಹ್ಯಾಕಾಶದ ರಾಕೆಟ್ ಹಾರಿದಾಗೆಲ್ಲ ಟಿವಿ ಮುಂದೆ ಕೂತು ಚಪ್ಪಾಳೆ ತಟ್ಟುವ ನಾಡು ನಮ್ಮದು. ಮದ್ದಿನಮನೆಯ ತಂಪು ಇಟ್ಟಿಗೆಯ ಕತ್ತಲಲ್ಲಿ ಒಂದು ಮಗುವನ್ನು ಐದು ನಿಮಿಷ ನಿಲ್ಲಿಸಿ, "ಇಲ್ಲೇ ಕಣಮ್ಮ ಮದ್ದು ಇಡ್ತಿದ್ದಿದ್ದು" ಅಂತ ಹೇಳುವುದಕ್ಕೆ ನಮಗೆ ಪುರುಸೊತ್ತಿಲ್ಲ ಅಂದರೆ ಹೇಗೆ?

ಸಂಜೆಯಾದರೆ ಒರ್ತೀಜದ ಜನ ಹೊರಗೆ ಬರುತ್ತಾರೆ. ಹಿಂದೆ ಮೀನುಗಾರರಿದ್ದ ಓಣಿಗಳಲ್ಲಿ ಮುದುಕಿಯರು ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದರು. ತಲೆಯ ಮೇಲೆ ಒಗೆದ ಬಟ್ಟೆ ತೂಗುತ್ತಿತ್ತು. ಒಂದು ಮನೆಯಿಂದ ಬೆಳ್ಳುಳ್ಳಿ ಕಾದ ವಾಸನೆ. ಚೌಕದಲ್ಲಿ ಹುಡುಗರು ಚರ್ಚಿನ ಮೆಟ್ಟಿಲಿಗೆ ತಾಗುವ ಹಾಗೆ ಫುಟ್‌ಬಾಲ್ ಒದೆಯುತ್ತಿದ್ದರು. ಒಬ್ಬ ಅಜ್ಜ ಅಮ್ಮನವರ ಸೀರೆ ನೋಡಿ ಟೋಪಿ ತೆಗೆದು ನಮಸ್ಕಾರ ಹೇಳಿದ. ನಮ್ಮೂರ ಜಗಲಿಯೂ ಹಾಗೇ ಇತ್ತಲ್ವಾ? ಈಗ ಜಗಲಿ ಇದ್ದಲ್ಲಿ ಬೈಕ್ ನಿಲ್ಲಿಸುತ್ತಾರೆ.

ಹಳೇ ಊರಿನಲ್ಲಿ ಜನ ಬದುಕುವುದು ಸುಲಭವಲ್ಲ, ಅದಕ್ಕೆ ಯಾರಾದರೂ ದಾರಿ ಮಾಡಿಕೊಡಬೇಕು. ಸಿಸಿಲಿ ಪ್ರಾಂತ್ಯದವರು 1976ರಲ್ಲೇ ಒರ್ತೀಜಕ್ಕೆಂದು ವಿಶೇಷ ನಿಯಮಗಳಿರುವ ಒಂದು ಕಾನೂನು ಮಾಡಿದರು. ಹಳೇ ಊರನ್ನು ಉಳಿಸುವುದೂ ಇರಬೇಕು, ಅದಕ್ಕೆ ಮತ್ತೆ ಜೀವ ಬರುವುದೂ ಇರಬೇಕು ಅಂತ. ನಮ್ಮಲ್ಲಿ 2010ರಿಂದ ಇರುವ ನಿಯಮದ ಪ್ರಕಾರ ರಕ್ಷಿತ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್‌ವರೆಗೆ ಅನುಮತಿ ಬೇಕು. ರಿಪೇರಿಗೂ ಅನುಮತಿ ಬೇಕು. ಶ್ರೀರಂಗಪಟ್ಟಣದಲ್ಲಿ ಎಲ್ಲಿ ನಿಂತು ಟೇಪ್ ಹಿಡಿದರೂ 100 ಮೀಟರಿಗೆ ಒಂದು ಸ್ಮಾರಕ ಸಿಗುತ್ತದೆ. ಕೋಟೆಯೊಳಗೆ ನಮ್ಮ ಚಿಕ್ಕಪ್ಪನ ಮನೆ. ಮಳೆಗೆ ಅಡುಗೆಮನೆಯ ಗೋಡೆ ಕುಸಿಯಿತು. ಅರ್ಜಿ, ನಕ್ಷೆ, ಫೋಟೊ, ಮತ್ತೆ ಅರ್ಜಿ. ಚಿಕ್ಕಮ್ಮ ಟಾರ್ಪಾಲ್ ಕಟ್ಟಿಕೊಂಡು ಎರಡು ಮಳೆಗಾಲ ಅಡುಗೆ ಮಾಡಿದರು. ಈಗ ಅವರ ಮಗ ಮಂಡ್ಯದಲ್ಲಿ ಸೈಟ್ ತೆಗೆದುಕೊಂಡಿದ್ದಾನೆ. ಹೀಗೇ ಒಂದೊಂದು ಮನೆ ಖಾಲಿಯಾದರೆ ಕೋಟೆಯಲ್ಲಿ ಉಳಿಯುವುದು ಪಾಯಿಂಟುಗಳಷ್ಟೇ.

ಇಷ್ಟು ಹೇಳಿದ ಮೇಲೆ ಇನ್ನು ಕೆಲವು ಮಾತು ಹೇಳಲೇಬೇಕು, ಮನಸ್ಸಿಲ್ಲದಿದ್ದರೂ.

ಒರ್ತೀಜವೂ ಒಂದು ಕಾಲಕ್ಕೆ ಖಾಲಿಯಾಗಿತ್ತು. ಎರಡನೇ ಮಹಾಯುದ್ಧದ ನಂತರ ಜನ ಹೊಸ ಬಡಾವಣೆಗಳ ಕಡೆ ಹೋದರು, ಹಳೇ ಮನೆಗಳು ಬಿದ್ದುಹೋಗುತ್ತಿದ್ದವು. 1976ರ ಕಾನೂನು ಬಂದದ್ದೇ ಆ ಹೆದರಿಕೆಯಿಂದ. ಕಾನೂನು ಬಂದ ಮರುದಿನ ಎಲ್ಲ ಸರಿಹೋಗಲೂ ಇಲ್ಲ, ದಶಕಗಳೇ ಹಿಡಿದವು. ಈಗ ಊರು ಚೆನ್ನಾಗಿದೆ, ಆದರೆ ಓಣಿ ಓಣಿಯಲ್ಲೂ ಬಾಗಿಲ ಪಕ್ಕ ಬೀಗದ ಕೈ ಇಡುವ ಪುಟ್ಟ ಪೆಟ್ಟಿಗೆಗಳು. ಪ್ರವಾಸಿಗರಿಗೆ ಬಾಡಿಗೆ ಕೊಡುವ ಮನೆಗಳು ಅವು. ನಾವು ಇಳಿದುಕೊಂಡದ್ದೂ ಅಂಥದೇ ಮನೆಯಲ್ಲಿ. ಅಲ್ಲಿ ಹಿಂದೆ ಯಾವ ಸಂಸಾರ ಇತ್ತೋ, ಎಲ್ಲಿಗೆ ಹೋಯಿತೋ. ಸಿಸಿಲಿಯ ಹುಡುಗರೂ ಕೆಲಸಕ್ಕೆ ಊರು ಬಿಡುತ್ತಾರೆ. 1955ರಲ್ಲಿ ಜರ್ಮನಿ ಮತ್ತು ಇಟಲಿ ಒಪ್ಪಂದ ಮಾಡಿಕೊಂಡ ಮೇಲೆ ಕಾರ್ಖಾನೆ ಕೆಲಸಕ್ಕೆ ಬಂದ ದಕ್ಷಿಣ ಇಟಲಿಯವರು ಸ್ಟುಟ್‌ಗಾರ್ಟ್ ತುಂಬ ಇದ್ದಾರೆ. ನಮ್ಮ ಬೀದಿಯ ಕ್ಷೌರದಂಗಡಿಯ ಯಜಮಾನ ಸಿಸಿಲಿಯವನೇ. ಊರಿನ ಮಾತು ತೆಗೆದರೆ ಅವನ ಕಣ್ಣೂ ನನ್ನ ಹಾಗೇ ಎಲ್ಲೋ ಹೋಗಿಬಿಡುತ್ತದೆ.

ಮರೆವಿನ ವಿಷಯದಲ್ಲೂ ಅವರು ನಮಗಿಂತ ಮೇಲೇನಲ್ಲ. ಆರ್ಕಿಮಿಡೀಸ್ ಸತ್ತು ನೂರಮೂವತ್ತೇಳು ವರ್ಷಕ್ಕೆ, ಕ್ರಿಸ್ತಪೂರ್ವ 75ರಲ್ಲಿ, ರೋಮಿನ ಅಧಿಕಾರಿಯಾಗಿ ಸಿಸಿಲಿಗೆ ಬಂದ ಸಿಸೆರೊ ಅವನ ಸಮಾಧಿ ಎಲ್ಲಿ ಅಂತ ಕೇಳಿದ. ಅಂಥದ್ದು ಇಲ್ಲವೇ ಇಲ್ಲ ಅಂದರು ಊರಿನವರು. ಮುಳ್ಳುಪೊದೆಯ ನಡುವೆ ಗೋಳ ಮತ್ತು ಉರುಳೆಯ ಗುರುತಿದ್ದ ಕಲ್ಲನ್ನು ಹುಡುಕಿ ತೆಗೆದವನು ಹೊರಗಿನಿಂದ ಬಂದ ಸಿಸೆರೊನೇ. ಅದನ್ನು ಅವನೇ ಬರೆದಿಟ್ಟಿದ್ದಾನೆ. ಆಮೇಲೆ ಆ ಸಮಾಧಿ ಮತ್ತೆ ಕಳೆದುಹೋಯಿತು.

ನಮ್ಮವರು ಏನೂ ಮಾಡಿಲ್ಲ ಅನ್ನುವುದೂ ಸರಿಯಲ್ಲ. ಬೆಂಗಳೂರು ಮೈಸೂರು ರೈಲಿಗೆ ಜೋಡಿ ಹಳಿ ಹಾಕುವಾಗ ಟಿಪ್ಪುವಿನ ಕಾಲದ ಒಂದು ಮದ್ದಿನಮನೆ ಅಡ್ಡ ಬಂತು. ಒಡೆದು ಹಾಕಿದ್ದರೆ ಕೇಳುವವರು ಎಷ್ಟು ಜನ ಇರುತ್ತಿದ್ದರೋ. ಒಡೆಯಲಿಲ್ಲ. 2017ರಲ್ಲಿ ಇಡೀ ಕಟ್ಟಡವನ್ನು ಬುಡಸಮೇತ ಎತ್ತಿ ಆಚೆ ಸರಿಸಿ ಇಟ್ಟರು. ಯೂರೋಪಿನವರೂ ಹುಬ್ಬೇರಿಸುವ ಕೆಲಸ ಅದು. 2014ರಿಂದ ಶ್ರೀರಂಗಪಟ್ಟಣದ ಸ್ಮಾರಕಗಳು ಯುನೆಸ್ಕೊದ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಯಲ್ಲಿವೆ. ಆ ಪಟ್ಟಿಯಲ್ಲಿ ನಮ್ಮೂರನ್ನು ದ್ವೀಪದ ಊರು ಅಂತಲೇ ಬರೆದಿದ್ದಾರೆ. ಸಿರಾಕ್ಯೂಸ್ 2005ರಲ್ಲೇ ಪೂರಾ ಪಟ್ಟಿ ಸೇರಿತು, ನಮ್ಮದು ಇನ್ನೂ ಕಾಯುತ್ತಿದೆ. ಆದರೂ ಯಾರೋ ಒಬ್ಬರು ಕೂತು ಬರೆದು ಕಳಿಸಿದ್ದಾರಲ್ಲ, ಅವರಿಗೆ ನನ್ನ ನಮಸ್ಕಾರ.

ಇನ್ನೊಂದು ವಿಷಯದಲ್ಲಂತೂ ನಮ್ಮೂರನ್ನು ಬಿಟ್ಟುಕೊಡಲು ನಾನು ತಯಾರಿಲ್ಲ. ಒರ್ತೀಜದ ನೀರಿನ ಮೇಲೆ ಪ್ರವಾಸಿ ದೋಣಿಗಳಿವೆ. ನಮ್ಮ ಹೊಳೆಗೆ ಜನ ತಮ್ಮವರ ಅಸ್ಥಿ ಹಿಡಿದುಕೊಂಡು ಬರುತ್ತಾರೆ. ಬೆಳಿಗ್ಗೆ ಪಶ್ಚಿಮವಾಹಿನಿಯಲ್ಲಿ ತಲೆ ಬೋಳಿಸಿಕೊಂಡು ಒದ್ದೆ ಪಂಚೆಯಲ್ಲಿ ನಿಂತ ಹುಡುಗನನ್ನು ಕಂಡರೆ ಯಾರೂ ಫೋಟೊ ತೆಗೆಯುವುದಿಲ್ಲ, ಸುಮ್ಮನೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ. ಹೊಳೆಗೆ ಕಸ ಜಾಸ್ತಿಯಾಗಿದೆ ನಿಜ, ಅದು ನಿಲ್ಲಲೇಬೇಕು. ಆದರೆ ಹೀಗೆ ಮನುಷ್ಯರ ಸಂಕಟ ಬಂದು ಸೇರುವ ಜಾಗ ಒರ್ತೀಜದಲ್ಲಿ ನನಗೆ ಕಾಣಲಿಲ್ಲ. ಡಿಸೆಂಬರ್ 13ಕ್ಕೆ ಸಂತ ಲೂಸಿಯಾಳ ಬೆಳ್ಳಿಯ ಮೂರ್ತಿಯನ್ನು ಹೊತ್ತು ಇಡೀ ಊರು ಬೀದಿಗಿಳಿಯುತ್ತದಂತೆ. ಅದನ್ನು ನೋಡಿದ್ದರೆ ಬೇರೆ ಮಾತು ಹೇಳುತ್ತಿದ್ದೆನೋ ಏನೋ.

2023ರಲ್ಲಿ ಹೊಸ ಹೆದ್ದಾರಿ ಬಂತು. ಮೈಸೂರಿಗೆ ಹೋಗುವವರು ಈಗ ನಮ್ಮೂರೊಳಗೆ ಬರಬೇಕಾಗಿಲ್ಲ, ಬೈಪಾಸಿನಲ್ಲಿ ಹೋಗಿಬಿಡುತ್ತಾರೆ. ಅಂಗಡಿಯವರಿಗೆ ಹೊಟ್ಟೆ ಉರಿ. ಅವರ ವ್ಯಾಪಾರ ಬಿದ್ದಿದೆ, ಅವರ ನೋವು ದೊಡ್ಡದು. ಆದರೆ ಮೈಸೂರಿಗೆ ಧಾವಿಸುವ ಗಾಡಿಗಳೆಲ್ಲ ಆ ಕಡೆ ಹೋದ ಮೇಲೆ ಊರಿಗೆ ಸ್ವಲ್ಪ ಉಸಿರು ಸಿಕ್ಕಿದೆ. ಗಾಡಿಗಳನ್ನು ಕೋಟೆಯ ಹೊರಗೆ ನಿಲ್ಲಿಸಿ, ಒಳಗೆ ನಡೆದು ಬನ್ನಿ ಅನ್ನುವುದಕ್ಕೆ ಇದಕ್ಕಿಂತ ಒಳ್ಳೇ ಹೊತ್ತು ಬರುವುದಿಲ್ಲ. ನೆರಳಿಗೆ ಮರ, ಕೂರಲು ಕಟ್ಟೆ, ಕುಡಿಯಲು ನೀರು, ಹೆಂಗಸರು ಹೋಗುವಂಥ ಶೌಚಾಲಯ, ಕನ್ನಡದಲ್ಲಿ ಓದುವ ಹಾಗೆ ನಾಲ್ಕು ಫಲಕ. ಇಷ್ಟಕ್ಕೆ ಕೋಟಿಗಟ್ಟಲೆ ದುಡ್ಡು ಬೇಡ. ನಡೆದು ಬಂದವರು ಅಂಗಡಿಯಲ್ಲಿ ನಿಲ್ಲುತ್ತಾರೆ, ಕಾಫಿ ಕುಡಿಯುತ್ತಾರೆ, ಒರ್ತೀಜದ ಸಂತೆಯಲ್ಲಿ ನಮ್ಮ ಹೆಂಗಸರು ಮಾಡಿದ ಹಾಗೆ ಚೀಲ ತುಂಬಿಕೊಳ್ಳುತ್ತಾರೆ.

ನಮ್ಮ ಗುಂಪಿನವರು ಮುಂದಿನ ಸಲ ಊರಿಗೆ ಹೋದಾಗ ಏನು ಮಾಡಬೇಕು ಅಂತ ವಾಪಸು ಬರುವ ವಿಮಾನದಲ್ಲೇ ಬರೆದುಕೊಟ್ಟೆ. ನೀವೂ ಹೋಗಬಹುದು. ಬೆಳಿಗ್ಗೆ ಬೇಗ ಹೊರಡಿ, ಕಾರು ಬೇಡ, ರೈಲಿನಲ್ಲಿ ಬನ್ನಿ. ಸ್ಟೇಷನ್ ಇರುವುದು ಕೋಟೆಯ ಒಳಗೇ. ಮೊದಲು ರಂಗನಾಥನ ದರ್ಶನ ಮಾಡಿ, ತೇರಿನ ಬೀದಿಯಲ್ಲಿ ತಿಂಡಿ ತಿನ್ನಿ. ಆಮೇಲೆ ಗೈಡ್ ಇಲ್ಲದೆ ಹೊಳೆಯ ಕಡೆ ನಡೆಯಿರಿ. ಕೋಟೆಗೋಡೆ ಹಿಡಿದು, ಬೇಯ್ಲಿಯ ಸೆರೆಮನೆ, ನೀರಬಾಗಿಲು, ಟಿಪ್ಪು ಬಿದ್ದ ಜಾಗ, ಎಲ್ಲ ನಿಧಾನಕ್ಕೆ ನೋಡಿ ಜಾಮಿಯಾ ಮಸೀದಿಯ ಹತ್ತಿರ ಬನ್ನಿ. ಅಲ್ಲಿಂದ ದರಿಯಾ ದೌಲತ್‌ಗೆ ಬಿಸಿಲು ಇದ್ದರೆ ಆಟೋ ಹಿಡಿಯಿರಿ, ಇಲ್ಲದಿದ್ದರೆ ನಡೆಯಿರಿ. ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳನ್ನು ನೋಡದೆ ಹೋಗಬೇಡಿ, 1804ರವು, ಎಷ್ಟು ಪ್ರವಾಹ ಕಂಡಿವೆಯೋ. ಗಂಜಾಂ ಕಡೆ ಹೋದರೆ ಅಂಜೂರ ಎಲ್ಲಿ ಸಿಗುತ್ತದೆ ಅಂತ ಯಾರನ್ನಾದರೂ ಕೇಳಿ. ರಥಸಪ್ತಮಿಗೆ ಬಂದರೆ ತೇರೂ ಸಿಗುತ್ತದೆ, ಬಿಸಿಲೂ ಅಷ್ಟಾಗಿ ಇರುವುದಿಲ್ಲ. ಅವತ್ತು ಮಾತ್ರ ರೈಲಿನಲ್ಲಿ ಸೀಟು ಸಿಗುವುದು ಕಷ್ಟ, ಹಿಂದಿನ ದಿನವೇ ಬಂದು ಉಳಿದುಕೊಳ್ಳಿ.